ವಯಸ್ಸಾದ ಮುಧೋಳ ನಾಯಿ ಹೊಸ ಮನೆಗೆ ಹೊಂದಿಕೊಳ್ಳುತ್ತಿಲ್ಲ, ಏನು ಮಾಡಬೇಕು?

ನವನಗರದ ಶಿಕ್ಷಕಿ:
ಎಲ್ಲರಿಗೂ ನಮಸ್ಕಾರ. ಲೋಕಾಪುರದ ಬಳಿಯ ತೋಟದಲ್ಲಿದ್ದ ನಮ್ಮ ದೊಡ್ಡಪ್ಪ ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ದೊಡ್ಡವ್ವನನ್ನು ಮಗ ಪುಣೆಗೆ ಕರೆದೊಯ್ದ ಮೇಲೆ, ಅವರು ಮರಿಯಿಂದ ಸಾಕಿದ್ದ ಮುಧೋಳ ತಳಿಯ ಹೆಣ್ಣು ನಾಯಿ ತೋಟದ ಆಳಿನ ಮನೆಯವರ ಕೈಯಲ್ಲಿ ಉಳಿದಿತ್ತು. ಅದನ್ನು ಯಾರಿಗಾದರೂ ಕೊಟ್ಟುಬಿಡುವ ಮಾತು ಬಂದಾಗ ನಾನೇ ಹೋಗಿ ಬಾಗಲಕೋಟೆಯ ನಮ್ಮ ಮನೆಗೆ ತಂದೆ. ಹೆಸರು ಚಂದ್ರಿ, ವಯಸ್ಸು ಒಂಬತ್ತರ ಆಸುಪಾಸು.

ಬಂದಂದಿನಿಂದ ಅದು ಸರಿಯಾಗಿ ತಿನ್ನುತ್ತಿಲ್ಲ. ಹಗಲೆಲ್ಲ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಮಲಗಿರುತ್ತದೆ, ರಾತ್ರಿಯಾದರೆ ಗೇಟಿನ ಬಳಿ ನಿಂತು ಊಳಿಡುತ್ತದೆ. ಪಡಸಾಲೆಯಲ್ಲಿ ಮೂತ್ರ ಮಾಡುತ್ತದೆ. ಮೊನ್ನೆ ಮಲಗಿದ್ದಾಗ ನನ್ನ ಮಗ ಬೆನ್ನು ಸವರಲು ಹೋದರೆ ಗುರ್ ಎಂದಿತು, ಕಚ್ಚಲಿಲ್ಲ. ರಾತ್ರಿ ನಾಯಿ ಅಳುವುದು ಮನೆಗೆ ಒಳ್ಳೆಯದಲ್ಲ, ತೋಟಕ್ಕೇ ಕಳಿಸಿಬಿಡು ಎಂದು ಅತ್ತೆಯವರು ದಿನವೂ ಹೇಳುತ್ತಿದ್ದಾರೆ. ವಯಸ್ಸಾದ ನಾಯಿಯನ್ನು ಮನೆಗೆ ತಂದುಕೊಂಡವರು ಇದ್ದರೆ ದಯವಿಟ್ಟು ದಾರಿ ಹೇಳಿ.

ಜಮಖಂಡಿ ಹುಡುಗ:
2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ ನಿಮ್ಮ ಮನೆಯಲ್ಲಿದೆ ಅಕ್ಕಾ, ಕಳಿಸಬೇಡಿ.

ಕ್ಯಾಂಪ್ ಬೆಳಗಾವಿ:
ಅಕ್ಕಾ, ಹೆದರುವಂಥದ್ದೇನೂ ಇಲ್ಲ. ನಾಯಿಗಳನ್ನು ದತ್ತು ಕೊಡುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಅಂದಾಜನ್ನು ಹೇಳುತ್ತಾರೆ. ಮೊದಲ ಮೂರು ದಿನ ಅದು ಅಂಜಿಕೊಂಡು ಮೂಲೆ ಹಿಡಿಯುತ್ತದೆ, ಮೂರು ವಾರಗಳಲ್ಲಿ ಮನೆಯ ವೇಳಾಪಟ್ಟಿಯನ್ನು ಅರಿತುಕೊಳ್ಳುತ್ತದೆ, ಮೂರು ತಿಂಗಳ ಹೊತ್ತಿಗೆ ಇದು ನನ್ನ ಮನೆ ಎಂದು ಒಪ್ಪಿಕೊಳ್ಳುತ್ತದೆ. ನಾನು ದೊಡ್ಡ ವಯಸ್ಸಿನ ಲ್ಯಾಬ್ರಡಾರ್‌ಗಳನ್ನೇ ಆರಿಸಿ ತರುವವನು. ಮೊದಮೊದಲು ಅವುಗಳನ್ನು ನಾನಾಗಿ ಮಾತನಾಡಿಸುವುದೂ ಇಲ್ಲ. ಒಂದೇ ಜಾಗ, ಒಂದೇ ಬಟ್ಟಲು, ಒಂದೇ ಹೊತ್ತು, ಇಷ್ಟಿದ್ದರೆ ಉಳಿದದ್ದು ತಾನಾಗಿ ಆಗುತ್ತದೆ.

ಮೆಟ್ಟಿಲ ಕೆಳಗಿನ ಸಂದಿಯಿಂದ ಎಳೆದು ಹೊರಗೆ ತರಬೇಡಿ. ಅದು ತಾನೇ ಆರಿಸಿಕೊಂಡ ಕೋಣೆ ಎಂದು ತಿಳಿದು ಅಲ್ಲಿಯೇ ಹಾಸಿಗೆ ಹಾಕಿ, ನೀರನ್ನೂ ಹತ್ತಿರ ಇಡಿ. ನೋಡಲು ಬರುವ ನೆಂಟರನ್ನು ಸದ್ಯಕ್ಕೆ ತಡೆಯಿರಿ.

ತಿಕೋಟಾ ದ್ರಾಕ್ಷಿ:
ತೋಟದಲ್ಲಿ ಬೆಳೆದ ನಾಯಿಯನ್ನು ಮನೆಯೊಳಗೆ ಬಿಟ್ಟುಕೊಂಡರೆ ಹೀಗೆಯೇ ಆಗುತ್ತದೆ. ಹಿತ್ತಲಲ್ಲಿ ಸರಪಳಿ ಹಾಕಿ ಕಟ್ಟಿ. ಎರಡು ದಿನ ಹಸಿದರೆ ತಾನೇ ತಿನ್ನುತ್ತದೆ. ನಮ್ಮ ತೋಟದಲ್ಲಿ ಎಷ್ಟು ನಾಯಿಗಳು ಬಂದು ಹೋಗಿಲ್ಲ, ಯಾವುದಕ್ಕೂ ನಾವು ಮೂರು ತಿಂಗಳ ಪಾಠ ಮಾಡಿಲ್ಲ.

ಘಟಪ್ರಭಾ ದಂಡೆ:
ಸಾಹುಕಾರರೇ, ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬೇಟೆನಾಯಿ ಸಾಕುತ್ತೇವೆ, ಆದ್ದರಿಂದ ಈ ಮಾತನ್ನು ಸುಮ್ಮನೆ ಬಿಡಲಾರೆ. ಮುಧೋಳ ನಾಯಿಯ ಮೈಯಲ್ಲಿ ಕೊಬ್ಬು ಬಹಳ ಕಡಿಮೆ, ಚರ್ಮ ತೆಳು. ಅದನ್ನು ಫರಸಿ ಕಲ್ಲಿನ ಮೇಲೆ ಕಟ್ಟಿಹಾಕಿದರೆ ಮೊಣಕೈಗಳಲ್ಲಿ ಗಂಟು ಬೀಳುತ್ತದೆ, ನೀರು ತುಂಬಿಕೊಳ್ಳುತ್ತದೆ, ವಯಸ್ಸಾದದ್ದಾದರೆ ಬೆಳಿಗ್ಗೆ ಏಳುವುದಕ್ಕೇ ಒದ್ದಾಡುತ್ತದೆ. ಇನ್ನು ಕಾನೂನಿನ ಮಾತು ಹೇಳುವುದಾದರೆ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿಯೇ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಡುವುದೂ, ಸದಾ ಕಟ್ಟಿಟ್ಟ ನಾಯಿಯನ್ನು ತಿರುಗಾಡಿಸದಿರುವುದೂ ಅಪರಾಧವೆಂದು ಬರೆದಿದೆ.

ಅಕ್ಕಾವರೇ, ನಿಮಗೆ ಮುಖ್ಯವಾದ ಎಚ್ಚರಿಕೆ ಬೇರೆಯೇ ಇದೆ. ಈ ತಳಿಯ ತಲೆ ಕೊರಳಿಗಿಂತ ಸಣ್ಣದು. ಪೇಟೆಯ ಸಾಮಾನ್ಯ ಕೊರಳಪಟ್ಟಿಯನ್ನು ಅದು ಒಂದೇ ಹಿಂಜಗ್ಗಿಗೆ ಕಳಚಿಕೊಳ್ಳುತ್ತದೆ. ಎದೆಗೂ ಹೊಟ್ಟೆಗೂ ಸುತ್ತುವ ಹಾರ್ನೆಸ್ ಹಾಕಿ, ಜೊತೆಗೆ ಅಗಲವಾದ ಚರ್ಮದ ಪಟ್ಟಿಯೂ ಇರಲಿ, ಹಗ್ಗವನ್ನು ಎರಡಕ್ಕೂ ಸಿಕ್ಕಿಸಿ. ಗೇಟಿನ ಬಳಿ ನಿಂತು ಅದು ಲೋಕಾಪುರದ ದಾರಿಯನ್ನೇ ನೋಡುತ್ತಿದೆ. ಒಮ್ಮೆ ಕೈ ತಪ್ಪಿದರೆ ಹೆಸರು ಹಿಡಿದು ಕೂಗಿದರೆ ತಿರುಗಿ ಬರುವ ಜಾತಿ ಇದಲ್ಲ, ಕಣ್ಣಿಗೆ ಬೆಕ್ಕೋ ಆಡಿನ ಮರಿಯೋ ಬಿದ್ದರಂತೂ ಮುಗಿಯಿತು. ಕೆಲವು ತಿಂಗಳಾದರೂ ಬಯಲಿನಲ್ಲಿ ಬಿಡಬೇಡಿ.

ಬಾದಾಮಿಯ ಬನಶಂಕರಿ ಭಕ್ತ:
ನಾಯಿ ಊಳಿಡುವುದನ್ನು ಹಿರಿಯರು ಅಪಶಕುನ ಎಂದದ್ದಕ್ಕೆ ಅರ್ಥವಿರುತ್ತದೆ. ಅತ್ತೆಯವರ ಮಾತನ್ನೂ ಸ್ವಲ್ಪ ಕೇಳಿ.

ವಡಗಾವಿ ನೇಕಾರ:
ಸಾವು ಆ ನಾಯಿಯ ಮನೆಯಲ್ಲಿ ಈಗಾಗಲೇ ಆಗಿದೆ ಸ್ವಾಮಿ. ಯಜಮಾನ ಹೋದ, ಯಜಮಾನತಿ ಹೋದಳು, ಮಲಗುವ ಜಾಗ ಹೋಯಿತು. ಅಷ್ಟಕ್ಕೂ ಅಳಬಾರದು ಎಂದರೆ ಹೇಗೆ?

ಅಕ್ಕಾ, ದೊಡ್ಡಪ್ಪನವರ ಹಳೆಯ ಧೋತರವೋ ದೊಡ್ಡವ್ವನ ಕೌದಿಯೋ ತೋಟದ ಮನೆಯಲ್ಲಿ ಉಳಿದಿದ್ದರೆ ತರಿಸಿ, ತೊಳೆಯದೆ ಹಾಗೆಯೇ ಹಾಸಿ. ನಾವು ಮಗ್ಗದ ಕೋಣೆಯಲ್ಲಿ ಸಾಕಿದ ಬೀದಿನಾಯಿಯೊಂದು, ಅದನ್ನು ಮೊದಲು ನೋಡಿಕೊಳ್ಳುತ್ತಿದ್ದ ಅಜ್ಜಿಯ ಸೀರೆಯ ತುಂಡನ್ನು ಕೊಟ್ಟ ಮೇಲೆಯೇ ಕಣ್ಣು ಮುಚ್ಚಿ ನಿದ್ದೆ ಮಾಡಿತು. ರಾತ್ರಿ ನಿಮ್ಮಲ್ಲೊಬ್ಬರು ಅದಕ್ಕೆ ಕಾಣುವ ಹಾಗೆ ಪಡಸಾಲೆಯಲ್ಲಿ ಮಲಗಿ ನೋಡಿ.

ಜಮಖಂಡಿ ಹುಡುಗ:
ಹೆಸರು ಬದಲಿಸಬಹುದೇ? ಚಂದ್ರಿ ಎಂಬುದು ನಮ್ಮ ಬೀದಿಯ ಅತ್ತೆಯೊಬ್ಬರ ಹೆಸರೂ ಹೌದು, ಅದಕ್ಕೆ ಕೇಳಿದೆ.

ಕ್ಯಾಂಪ್ ಬೆಳಗಾವಿ:
ಬೇಡ. ಅದರ ಪಾಲಿಗೆ ಬದಲಾಗದೆ ಉಳಿದಿರುವುದು ಅದೊಂದೇ.

ನಿವೃತ್ತ ಪಶುವೈದ್ಯ, ವಿಜಯಪುರ:
ಮೇಲಿನ ಮಾತುಗಳಲ್ಲಿ ಒಳ್ಳೆಯವು ಹಲವಿವೆ. ಆದರೆ ಎಲ್ಲರೂ ನಾಯಿಯ ಮನಸ್ಸಿನ ಬಗ್ಗೆ ಬರೆದಿದ್ದಾರೆ, ದೇಹದ ಬಗ್ಗೆ ಘಟಪ್ರಭಾದವರ ಹೊರತು ಯಾರೂ ಕೇಳಿಲ್ಲ. ಮೂರು ತಿಂಗಳ ಅಂದಾಜು ಆರೋಗ್ಯವಂತ ನಾಯಿಗೆ ಸರಿ. ಒಂಬತ್ತು ವರ್ಷದ ನಾಯಿ ತಿನ್ನದಿದ್ದರೆ, ಮುಟ್ಟಿದಾಗ ಗುರುಗುಟ್ಟಿದರೆ, ಮನೆಯೊಳಗೆ ಮೂತ್ರ ಮಾಡಿದರೆ, ನೋವನ್ನೂ ರೋಗವನ್ನೂ ಮೊದಲು ತಳ್ಳಿಹಾಕಿ ಆಮೇಲೆ ದುಃಖದ ಮಾತಿಗೆ ಬರಬೇಕು. ನಾಯಿಗಳು ನೋವನ್ನು ಮುಚ್ಚಿಡುತ್ತವೆ. ಕುಂಟುವುದಕ್ಕೂ ಬಹಳ ಮೊದಲು ಅವು ಮೂಲೆ ಹಿಡಿಯುತ್ತವೆ.

ಶಿಕ್ಷಕಿಯವರೇ, ಇವುಗಳಿಗೆ ಉತ್ತರ ಬರೆಯಿರಿ. ಅದಕ್ಕೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಆಗಿದೆಯೇ? ಕೊನೆಯ ಸಲ ಬೆದೆಗೆ ಬಂದದ್ದು ಯಾವಾಗ? ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ? ಶಸ್ತ್ರಚಿಕಿತ್ಸೆಯಾಗದ ವಯಸ್ಸಾದ ಹೆಣ್ಣುನಾಯಿಗಳಲ್ಲಿ ಬೆದೆ ಮುಗಿದ ಕೆಲವು ವಾರಗಳ ನಂತರ ಗರ್ಭಕೋಶದಲ್ಲಿ ಕೀವು ತುಂಬುವುದುಂಟು. ನಾಯಿ ಮಂಕಾಗುತ್ತದೆ, ಆಹಾರ ಬಿಡುತ್ತದೆ, ನೀರು ಮಾತ್ರ ವಿಪರೀತ ಕುಡಿಯುತ್ತದೆ. ಕೀವು ಹೊರಗೆ ಸೋರಲೇಬೇಕೆಂದಿಲ್ಲ. ಹೊಸ ಮನೆಯ ಬೇಸರ ಎಂದು ಕಾಯುತ್ತ ಕುಳಿತರೆ ಅದು ಪ್ರಾಣ ತೆಗೆಯುತ್ತದೆ. ನೀರನ್ನು ಅಳೆಯುವುದು ಸುಲಭ. ಲೀಟರ್ ಬಾಟಲಿಯಿಂದ ತುಂಬಿ, ಸಂಜೆ ಉಳಿದದ್ದನ್ನು ಕಳೆಯಿರಿ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 100 ಮಿಲಿಲೀಟರ್ ದಾಟಿದರೆ ಅದು ಹೆಚ್ಚು. ಮೂತ್ರಪಿಂಡ, ಸಕ್ಕರೆ ಕಾಯಿಲೆ, ಗರ್ಭಕೋಶ ಮೂರನ್ನೂ ನೋಡಬೇಕಾಗುತ್ತದೆ.

ಬೆಳಗಿನ ಮೊದಲ ಮೂತ್ರವನ್ನು ಒಂದು ಹಳೆಯ ಸೌಟಿನಲ್ಲಿ ಹಿಡಿದು, ಶುದ್ಧವಾದ ಡಬ್ಬಿಯಲ್ಲಿ ದನದ ದವಾಖಾನೆಗೆ ಒಯ್ಯಿರಿ. ಜೊತೆಗೆ ರಕ್ತ ಪರೀಕ್ಷೆ ಮಾಡಿಸಿ, ಉಣ್ಣಿ ಜ್ವರಕ್ಕೂ ಸೇರಿಸಿ, ತೋಟದ ನಾಯಿಗಳಲ್ಲಿ ಅದು ತಿಂಗಳುಗಟ್ಟಲೆ ಮೈಯಲ್ಲಿ ಅಡಗಿರಬಲ್ಲದು. ವಸಡು ಬಿಳಿಚಿಕೊಂಡಿದ್ದರೆ ತಡಮಾಡಬೇಡಿ. ಬಾಯಿ ತೆರೆಸಿ ಹಿಂದಿನ ಹಲ್ಲುಗಳನ್ನು ನೋಡಲು ಹೇಳಿ. ರೇಬೀಸ್ ಲಸಿಕೆಯ ಚೀಟಿ ಸಿಗದಿದ್ದರೆ ಆಗಿಲ್ಲವೆಂದೇ ತಿಳಿದು ಹಾಕಿಸಿ. ಮನೆಯಲ್ಲಿ ಮಗುವಿದೆ.

ಕೀಲುನೋವಿಗೆಂದು ಮನೆಯಲ್ಲಿರುವ ಮಾತ್ರೆ ಕೊಡುವವರು ಬಹಳ ಮಂದಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ, ಪ್ಯಾರಾಸಿಟಮಾಲ್ ಯಕೃತ್ತಿಗೆ ಕೇಡು. ವೈದ್ಯರು ಬರೆಯದೆ ಒಂದು ತುಣುಕನ್ನೂ ಹಾಕಬಾರದು.

ತಿಕೋಟಾ ದ್ರಾಕ್ಷಿ:
ಡಾಕ್ಟರ್ ಸಾಹೇಬರು ಹೇಳಿದ್ದನ್ನು ಒಪ್ಪುತ್ತೇನೆ. ಸರಪಳಿಯ ವಿಷಯದಲ್ಲಿ ಮಾತ್ರ, ಗೇಟು ಹಾರಿ ಲಾರಿಯ ಕೆಳಗೆ ಬೀಳುವುದಕ್ಕಿಂತ ಕಟ್ಟಿಹಾಕುವುದು ಮೇಲು ಎಂಬುದು ಈಗಲೂ ನನ್ನ ಅಭಿಪ್ರಾಯ.

ಒಂದು ಮಾತು ಸೇರಿಸುತ್ತೇನೆ, ಇದು ನಮ್ಮ ಕಸುಬಿನಿಂದ ಬಂದದ್ದು. ನಾಯಿಗೆ ದ್ರಾಕ್ಷಿಯನ್ನಾಗಲಿ ಒಣದ್ರಾಕ್ಷಿಯನ್ನಾಗಲಿ ಕೊಡಬೇಡಿ. ನಮ್ಮ ಕಡೆ ಒಣಗಿಸುವ ಶೆಡ್ಡಿನ ಕೆಳಗೆ ಬಿದ್ದದ್ದನ್ನು ಒಂದು ನಾಯಿ ಹೊಟ್ಟೆ ತುಂಬ ತಿಂದು, ವಾಂತಿ ಮಾಡಿಕೊಂಡು, ಮೂತ್ರ ಕಟ್ಟಿ ಸತ್ತಿತು. ಯಾರೋ ವಿಷ ಹಾಕಿದರೆಂದು ಊರಲ್ಲಿ ಜಗಳವೇ ಆಯಿತು. ಪ್ರೀತಿಗೆಂದು ಕರದಂಟು, ಹುಗ್ಗಿ ತಿನ್ನಿಸುವ ಮನೆಗಳಲ್ಲಿ ಇದನ್ನು ಹೇಳಲೇಬೇಕು.

ನಿವೃತ್ತ ಪಶುವೈದ್ಯ, ವಿಜಯಪುರ:
ಸಾಹುಕಾರರು ಹೇಳಿದ್ದು ಸರಿ. ಮೂತ್ರಪಿಂಡವೇ ನಿಂತುಹೋಗುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂದು ಈಚಿನ ವರ್ಷಗಳಲ್ಲಿ ಸಂಶಯಿಸಲಾಗಿದೆ. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬದಲಾಗುವುದರಿಂದ ಒಂದೂ ಬೇಡ.

ನವನಗರದ ಶಿಕ್ಷಕಿ:
ಡಾಕ್ಟರ್ ಸರ್, ತೋಟದ ಆಳಿಗೆ ಫೋನ್ ಮಾಡಿ ಕೇಳಿದೆ. ಶಸ್ತ್ರಚಿಕಿತ್ಸೆ ಆಗಿಲ್ಲ, ಬೆದೆಗೆ ಬಂದದ್ದು ಯಾವಾಗ ಎಂದು ಅವರಿಗೆ ನೆನಪಿಲ್ಲ. ನೀರು ಸ್ವಲ್ಪ ಹೆಚ್ಚೇ ಕುಡಿಯುತ್ತಿದೆ ಎಂದು ನನಗೂ ಅನಿಸಿತ್ತು, ಸೆಕೆಗೆ ಇರಬೇಕು ಎಂದುಕೊಂಡಿದ್ದೆ. ನಾಳೆಯೇ ಕರೆದೊಯ್ಯುತ್ತೇನೆ. ಆಟೋದಲ್ಲಿ ಹತ್ತುತ್ತದೆಯೋ ಇಲ್ಲವೋ ಎಂಬುದೇ ಚಿಂತೆ. ಹಾಗೆಯೇ, ಮೈಯೆಲ್ಲ ವಾಸನೆ ಬರುತ್ತಿದೆ, ದವಾಖಾನೆಗೆ ಹೋಗುವ ಮೊದಲು ಸ್ನಾನ ಮಾಡಿಸಲೇ?

ಘಟಪ್ರಭಾ ದಂಡೆ:
ಸ್ನಾನ ಈಗ ಬೇಡವೇ ಬೇಡ. ಗುರುತಿಲ್ಲದ ಕೈಗಳು ಹಿಡಿದು ನೀರು ಸುರಿದರೆ ಅದು ನಿಮ್ಮನ್ನು ನಂಬುವ ದಿನ ಇನ್ನಷ್ಟು ಮುಂದೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಆಟೋ ಸೀಟಿನ ಮೇಲೆ ಕೂರಿಸಬೇಡಿ, ಕಾಲಿಡುವ ಜಾಗದಲ್ಲಿ ಕೌದಿ ಹಾಸಿ, ಒಂದು ಬದಿಗೆ ನೀವು ಕುಳಿತು ಹಾರ್ನೆಸ್ ಹಿಡಿದುಕೊಳ್ಳಿ. ಎತ್ತಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂದೊಡೆಗಳ ಹಿಂದೆ ಇರಲಿ.

ದವಾಖಾನೆಯಲ್ಲಿ ಅರಿವಳಿಕೆ ಕೊಡುವ ಪ್ರಸಂಗ ಬಂದರೆ ಇದು ಮುಧೋಳ ತಳಿ ಎಂದು ಬಾಯಿಬಿಟ್ಟು ಹೇಳಿ. ಇಂಥ ತೆಳ್ಳನೆಯ ಬೇಟೆನಾಯಿಗಳು ಕೆಲವು ಅರಿವಳಿಕೆಗಳಿಂದ ಬಹಳ ತಡವಾಗಿ ಎಚ್ಚರಾಗುತ್ತವೆ. ನಮ್ಮ ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಈ ತಳಿಗೆಂದೇ ಇರುವಂಥದ್ದು. ನಿಮ್ಮ ವೈದ್ಯರಿಗೆ ಅನುಮಾನವಿದ್ದರೆ ಅಲ್ಲಿಯವರೊಂದಿಗೆ ಮಾತನಾಡಲಿ.

ಕ್ಯಾಂಪ್ ಬೆಳಗಾವಿ:
ಗುರುಗುಟ್ಟಿದ ವಿಷಯವನ್ನು ಯಾರೂ ಬಿಡಿಸಿ ಹೇಳಲಿಲ್ಲ. ಗುರುಗುಟ್ಟಿದ್ದಕ್ಕೆ ಅದನ್ನು ಗದರಬೇಡಿ ಅಕ್ಕಾ. ಎಚ್ಚರಿಕೆ ಕೊಟ್ಟದ್ದಕ್ಕೆ ಪೆಟ್ಟು ತಿಂದ ನಾಯಿ ಮುಂದಿನ ಸಲ ಎಚ್ಚರಿಕೆಯನ್ನೇ ಕೊಡದೆ ಬಾಯಿ ಹಾಕುತ್ತದೆ. ವಯಸ್ಸಿಗೆ ಕಿವಿ ಮಂದವಾಗಿರಬಹುದು. ಬೆನ್ನ ಹಿಂದೆ, ಗಾಳಿ ತಾಗದಷ್ಟು ದೂರದಿಂದ ಚಪ್ಪಾಳೆ ತಟ್ಟಿ ನೋಡಿ. ತಿರುಗದಿದ್ದರೆ ಇನ್ನು ಮುಂದೆ ಎದುರಿನಿಂದ ಹೋಗುವುದು, ನೆಲಕ್ಕೆ ಪಾದ ಬಡಿದು ಎಬ್ಬಿಸುವುದು ರೂಢಿಯಾಗಲಿ. ಕಣ್ಣಿನಲ್ಲಿ ನೀಲಿ ಮಬ್ಬು ಕಂಡರೆ ಕುರುಡೆಂದು ತಿಳಿಯಬೇಡಿ, ಮುಪ್ಪಿನಲ್ಲಿ ಮಸೂರ ಹಾಗಾಗುತ್ತದೆ, ಬಹುಮಟ್ಟಿಗೆ ನೋಟ ಇರುತ್ತದೆ. ಬೆಳ್ಳಗೆ ಹಾಲಿನಂತಾದರೆ ಅದು ಪೊರೆ.

ಮಗನಿಗೆ ಮಲಗಿದ ನಾಯಿ, ತಿನ್ನುತ್ತಿರುವ ನಾಯಿ ಎರಡನ್ನೂ ಮುಟ್ಟಬಾರದೆಂಬ ನಿಯಮ ಮಾಡಿ. ಹಲ್ಲು ತಾಗಿ ಗೀರಾದರೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಾದಾಮಿಯ ಬನಶಂಕರಿ ಭಕ್ತ:
ಇಷ್ಟೆಲ್ಲ ಮಾಡುವ ಬದಲು ಒಂದು ಮರಿ ತಂದು ಜೊತೆ ಮಾಡಿದರೆ ಹಳೆಯದೂ ಚುರುಕಾಗುವುದಿಲ್ಲವೇ?

ವಡಗಾವಿ ನೇಕಾರ:
ನೋವಿರುವ ಮುದುಕಿಯ ಕಿವಿ ಜಗ್ಗಲು ಮರಿಯನ್ನು ಬಿಡುವುದು ಯಾವ ನ್ಯಾಯ? ಅದು ನಿಲ್ಲಲಿ, ಆಮೇಲೆ ನೋಡೋಣ.

ನವನಗರದ ಶಿಕ್ಷಕಿ:
ದವಾಖಾನೆಗೆ ಹೋಗಿ ಬಂದೆವು, ಎಲ್ಲ ವರದಿಗಳೂ ಕೈಗೆ ಬಂದಿವೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಸದ್ಯಕ್ಕೆ ಸರಿಯಾಗಿದೆ. ಮೂತ್ರದಲ್ಲಿ ಸೋಂಕು ಸಿಕ್ಕಿದೆ, ಔಷಧಿ ಶುರುವಾಗಿದೆ. ಕೆಳಗಿನ ದವಡೆಯಲ್ಲಿ ಒಂದು ದೊಡ್ಡ ಹಲ್ಲು ಒಡೆದು ವಸಡು ಊದಿಕೊಂಡಿತ್ತು. ತೋಟದಲ್ಲಿ ಎಲುಬು ಕಡಿಯುವಾಗ ಆಗಿರಬೇಕೆಂದು ವೈದ್ಯರು ಹೇಳಿದರು. ಗಟ್ಟಿ ರೊಟ್ಟಿಯನ್ನು ಮೂಸಿ ಬಿಡುತ್ತಿದ್ದುದು ಅದಕ್ಕೇ. ಸೋಂಕು ಇಳಿದ ಮೇಲೆ ಹಲ್ಲು ಕೀಳುತ್ತಾರೆ. ಅದೇ ಅರಿವಳಿಕೆಯಲ್ಲಿ ಗರ್ಭಕೋಶವನ್ನೂ ತೆಗೆಯಬಹುದೇ ಎಂದು ವಿಚಾರ ಮಾಡುತ್ತಿದ್ದಾರೆ. ಸೊಂಟದ ಕೀಲುಗಳಲ್ಲಿ ಸವೆತವೂ ಇದೆಯಂತೆ. ಹಿಂದಿನಿಂದ ಚಪ್ಪಾಳೆ ತಟ್ಟಿದರೆ ತಿರುಗುವುದಿಲ್ಲ, ಕ್ಯಾಂಪಿನ ಅಣ್ಣನವರ ಊಹೆ ನಿಜವಾಯಿತು.

ಈಗ ಜೋಳದ ರೊಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಬೇಯಿಸಿದ ಕೋಳಿಯ ಜೊತೆ ಕಲಸಿ ಕೊಟ್ಟರೆ ತಿನ್ನುತ್ತಿದೆ. ಪೇಟೆಯ ನಾಯಿ ಆಹಾರಕ್ಕೆ ಬದಲಿಸಬೇಕೇ? ಟೈಲ್ಸ್ ಮೇಲೆ ಹಿಂಗಾಲು ಜಾರುತ್ತದೆ, ಅದಕ್ಕೇನು ಉಪಾಯ?

ಘಟಪ್ರಭಾ ದಂಡೆ:
ನೋಡಿದಿರಾ ಸಾಹುಕಾರರೇ, ಎರಡು ದಿನ ಹಸಿವೆಗೆ ಬಿಟ್ಟಿದ್ದರೆ ಒಡೆದ ಹಲ್ಲು ಕೂಡುತ್ತಿತ್ತೇ?

ತಿಕೋಟಾ ದ್ರಾಕ್ಷಿ:
ಹಲ್ಲು ಒಡೆದಿದೆ ಎಂದು ಮೊದಲ ಬರಹದಲ್ಲಿ ಯಾರೂ ಬರೆದಿರಲಿಲ್ಲ ತಮ್ಮಾ. ಮಾತನ್ನು ಮುಂದಕ್ಕೆ ಒಯ್ಯಿರಿ.

ನಿವೃತ್ತ ಪಶುವೈದ್ಯ, ವಿಜಯಪುರ:
ಆಹಾರವನ್ನು ಈಗ ಬದಲಿಸುವುದು ಬೇಡ. ಹಲ್ಲಿನ ಕೆಲಸ ಮುಗಿದು ಹೊಟ್ಟೆ ನಿಂತ ಮೇಲೆ ಬೇಕಾದರೆ ಏಳರಿಂದ ಹತ್ತು ದಿನಗಳಲ್ಲಿ ಹಳೆಯದನ್ನು ಕಡಿಮೆ ಮಾಡುತ್ತ ಹೊಸದನ್ನು ಹೆಚ್ಚಿಸಿ, ಒಮ್ಮೆಲೇ ಬದಲಿಸಿದರೆ ಭೇದಿಯಾಗುತ್ತದೆ. ರೊಟ್ಟಿಯೊಂದರಿಂದಲೇ ಸ್ನಾಯು ಉಳಿಯುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡ ಸರಿಯಿದ್ದರೆ ಮೊಟ್ಟೆ, ಕೋಳಿ ಮುಂದುವರಿಯಲಿ. ನಿಮ್ಮ ಊಟದ ಸಾರನ್ನು ಮಾತ್ರ ಸುರಿಯಬೇಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಯಿಸಿದರೂ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ.

ವಡಗಾವಿ ನೇಕಾರ:
ಟೈಲ್ಸ್‌ಗೆ ಯೋಗ ಮಾಡುವ ರಬ್ಬರ್ ಚಾಪೆಗಳನ್ನು ಕತ್ತರಿಸಿ, ಮಲಗುವ ಜಾಗದಿಂದ ಬಟ್ಟಲಿಗೂ ಬಾಗಿಲಿಗೂ ದಾರಿ ಮಾಡಿ. ಬರಿಯ ಚಾದರ ಹಾಸಿದರೆ ಅದೂ ನಾಯಿಯೊಂದಿಗೆ ಜಾರುತ್ತದೆ. ಪಾದದ ಬೆರಳುಗಳ ನಡುವಿನ ಕೂದಲನ್ನು, ಉಗುರನ್ನು ಕತ್ತರಿಸಿಡಿ.

ಮೂತ್ರದ ವಿಷಯಕ್ಕೆ ಬಂದರೆ, ಔಷಧಿ ಮುಗಿದರೂ ಅದಕ್ಕೆ ಒಳಗು ಹೊರಗು ಕಲಿಸುವುದು ಇದ್ದೇ ಇದೆ, ಏಕೆಂದರೆ ಅದು ಗೋಡೆಗಳ ನಡುವೆ ಬದುಕಿದ ನಾಯಿಯಲ್ಲ. ಎದ್ದ ಕೂಡಲೇ, ತಿಂದ ಮೇಲೆ, ಮಲಗುವ ಮುನ್ನ ಒಂದೇ ಜಾಗಕ್ಕೆ, ಸಾಧ್ಯವಾದರೆ ಮಣ್ಣಿರುವ ಜಾಗಕ್ಕೆ ಒಯ್ಯಿರಿ. ಒಳಗೆ ಮಾಡಿದ ಕಡೆ ಬರಿಯ ಫಿನೈಲ್ ಹಾಕಿದರೆ ನಮ್ಮ ಮೂಗಿಗೆ ಶುದ್ಧವಾಗುತ್ತದೆ, ಅದರ ಮೂಗಿಗೆ ಹಳೆಯ ವಾಸನೆ ಹಾಗೆಯೇ ಇರುತ್ತದೆ. ಎಂಜೈಮ್ ಇರುವ ದ್ರಾವಣ ಸಿಗುತ್ತದೆ, ಅದನ್ನು ಬಳಸಿ.

ಜಮಖಂಡಿ ಹುಡುಗ:
ಗಣಪತಿ ಹಬ್ಬ ಬರುತ್ತಿದೆಯಲ್ಲ, ಡಾಲ್ಬಿ ಸದ್ದಿಗೆ ಏನು ಮಾಡುವುದು? ಕಿವಿ ಮಂದವಾದರೆ ಅದಕ್ಕೆ ತೊಂದರೆ ಇಲ್ಲವೇ?

ಕ್ಯಾಂಪ್ ಬೆಳಗಾವಿ:
ಕೇಳದ ನಾಯಿಗೂ ಡಾಲ್ಬಿಯ ಅದುರು ನೆಲದಿಂದ ಎದೆಗೆ ತಾಗುತ್ತದೆ. ಬೆಳಗಾವಿಯ ವಿಸರ್ಜನೆ ಮರುದಿನಕ್ಕೂ ಮುಂದುವರಿಯುವುದರಿಂದ ನಮಗೆ ಇದು ವರ್ಷದ ದೊಡ್ಡ ತಲೆನೋವು. ಬೀದಿಯಿಂದ ದೂರದ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಮನೆಯವರೊಬ್ಬರು ಜೊತೆಗಿರಬೇಕು. ಮೆರವಣಿಗೆಗೆ ಮುಂಚೆಯೇ ಹೊರಗೆ ಸುತ್ತಾಡಿಸಿ ತನ್ನಿ. ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ಸಂಖ್ಯೆ ಹೊಲಿಸಿಡಿ.

ನವನಗರದ ಶಿಕ್ಷಕಿ:
ಇನ್ನೊಂದು ಪ್ರಶ್ನೆ ಉಳಿದಿದೆ. ದೊಡ್ಡವ್ವ ಕೆಲವು ದಿನಗಳ ಮಟ್ಟಿಗೆ ತೋಟಕ್ಕೆ ಬರುತ್ತಾರಂತೆ. ಚಂದ್ರಿಯನ್ನು ಕರೆದುಕೊಂಡು ಬಾ, ಒಮ್ಮೆ ನೋಡುತ್ತೇನೆ ಎಂದು ಫೋನಿನಲ್ಲಿ ಅತ್ತರು. ಹೋಗಲೇ?

ಘಟಪ್ರಭಾ ದಂಡೆ:
ಹೋಗಬೇಡಿ. ಇಷ್ಟು ದಿನ ಕಟ್ಟಿದ್ದೆಲ್ಲ ಒಂದೇ ದಿನದಲ್ಲಿ ಬಿಚ್ಚಿಹೋಗುತ್ತದೆ. ತಿರುಗಿ ಬರುವಾಗ ಅದನ್ನು ಆಟೋದಲ್ಲಿ ಹಿಡಿಯುವುದು ನಿಮ್ಮಿಂದ ಆಗುವುದಿಲ್ಲ.

ವಡಗಾವಿ ನೇಕಾರ:
ಒಂಬತ್ತು ವರ್ಷ ಅನ್ನ ಹಾಕಿದ ಕೈಯನ್ನು ನಾಯಿಗೆ ಮರೆಸಬೇಕೆಂದು ನನಗೆ ಅನಿಸುವುದಿಲ್ಲ. ದೊಡ್ಡವ್ವನವರೇ ನವನಗರಕ್ಕೆ ಬಂದು, ನಿಮ್ಮ ಪಡಸಾಲೆಯಲ್ಲಿ ಕುಳಿತು ಅದಕ್ಕೆ ತಿನ್ನಿಸಲಿ. ಅವರ ವಾಸನೆ ಈ ಮನೆಗೂ ಸೇರಿದರೆ ಒಳ್ಳೆಯದೇ.

ಘಟಪ್ರಭಾ ದಂಡೆ:
ಅವರು ಹೊರಟಾಗ ಗೇಟಿನ ಬಳಿ ಮತ್ತೆ ಊಳಿಡುತ್ತದೆ, ಬರೆದಿಟ್ಟುಕೊಳ್ಳಿ.

ವಡಗಾವಿ ನೇಕಾರ:
ಇಡಲಿ. ಈಗ ಅದರ ಹೊಟ್ಟೆಯಲ್ಲಿ ಅನ್ನವಿದೆ, ಬಾಯಲ್ಲಿ ನೋವು ಇಳಿಯುತ್ತಿದೆ, ತಡೆದುಕೊಳ್ಳುತ್ತದೆ.

ನಿವೃತ್ತ ಪಶುವೈದ್ಯ, ವಿಜಯಪುರ:
ಭೇಟಿ ಎಲ್ಲಿಯೇ ಆಗಲಿ, ಹಲ್ಲಿನ ಶಸ್ತ್ರಚಿಕಿತ್ಸೆಯ ಹೊಲಿಗೆ ಮಾಗುವವರೆಗೆ ಪ್ರಯಾಣ ಬೇಡ. ನೇಕಾರರು ಹೇಳಿದಂತೆ ದೊಡ್ಡವ್ವನವರು ನಿಮ್ಮಲ್ಲಿಗೆ ಬರುವುದಾದರೆ ನನ್ನ ಅಭ್ಯಂತರವಿಲ್ಲ, ಎಲುಬು ಮಾತ್ರ ತರಬಾರದೆಂದು ಮೊದಲೇ ಹೇಳಿಬಿಡಿ.

ನವನಗರದ ಶಿಕ್ಷಕಿ:
ಅವರೇ ಬರುವುದೆಂದು ಈಗಷ್ಟೇ ಮಾತಾಯಿತು. ಅಡುಗೆಗೆ ಅತ್ತೆಯವರೇ ಒಪ್ಪಿಕೊಂಡಿದ್ದಾರೆ. ಉಳ್ಳಾಗಡ್ಡಿ ಹೆಚ್ಚಿದ ಈಳಿಗೆಯಲ್ಲಿ ನಾಯಿಯ ಕೋಳಿಯನ್ನು ಹೆಚ್ಚಬಹುದೇ ಎಂದು ಕೇಳುತ್ತಿದ್ದಾರೆ ಡಾಕ್ಟರ್ ಸರ್.

ನಿವೃತ್ತ ಪಶುವೈದ್ಯ, ವಿಜಯಪುರ:
ತೊಳೆದು ಹೆಚ್ಚಲಿ.